ಮೂರ್ಛೆಯ ವ್ಯಾಪಾರ

ಹಾವೇರಿ ಜಿಲ್ಲೆ, ಹಾನಗಲ್ಲ ತಾಲೂಕಿನ ಅಕ್ಕಿಆಲೂರು ಗಾತ್ರದಲ್ಲಿ ದೊಡ್ಡ ಊರೇನೂ ಅಲ್ಲ. ಆದರೂ ರಕ್ತದಾನದ ಮಾತು ಬಂದಾಗ ಗೌರವದಿಂದ ನೆನೆಯಬೇಕಾದ ಹೆಸರು ಅದು. ಅಲ್ಲಿನ ತರುಣರಿಗೆ ‘ರಕ್ತ ಸೈನಿಕರು’ ಎಂಬ ಹೆಸರೇ ಸಂದಿದೆ. ಎಲ್ಲಿಯೋ ಒಬ್ಬ ಬಾಣಂತಿಗೆ, ಇನ್ನೆಲ್ಲಿಯೋ ಅಪಘಾತಕ್ಕೊಳಗಾದವನಿಗೆ ರಕ್ತ ಬೇಕೆಂಬ ಕರೆ ಬಂದಾಗ, ಹೊಲದ ಕೆಲಸವನ್ನೋ ಅಂಗಡಿಯ ವ್ಯವಹಾರವನ್ನೋ ಬಿಟ್ಟು ಹೊರಡುವ ಮನುಷ್ಯನು ಕರೆದವರ ಜಾತಿಯನ್ನಾಗಲಿ ಅಂತಸ್ತನ್ನಾಗಲಿ ಕೇಳುವುದಿಲ್ಲ. ಕರೆಯು ನಿಜವೋ ನಟನೆಯೋ ಎಂದು ಪರೀಕ್ಷಿಸುತ್ತ ಕೂಡುವುದೂ ಇಲ್ಲ. ಜೀವ ಹೋಗುತ್ತಿದೆ ಎಂದು ಒಬ್ಬನು ಕೂಗಿದರೆ ಅದು ನಿಜವೇ ಇರಬೇಕು ಎಂಬ ವಿಶ್ವಾಸದ ಮೇಲೆ ರಕ್ತದಾನವಷ್ಟೇ ಏಕೆ, ಮನುಷ್ಯ ಸಮಾಜವೇ ನಿಂತಿದೆ.

ಈ ವಿಶ್ವಾಸವು ಯಾರೊಬ್ಬರ ಸ್ವಂತ ಆಸ್ತಿಯಲ್ಲ. ಊರ ಕೆರೆಯ ನೀರಿನಂತೆ ಅದು ಎಲ್ಲರಿಗೂ ಸೇರಿದುದು. ತಲೆಮಾರುಗಳ ಸದ್ವರ್ತನೆಯಿಂದ ಹನಿಹನಿಯಾಗಿ ಕೂಡಿದುದು. ಆ ಕೆರೆಯ ಏರಿಗೆ ರಾತ್ರಿಯಲ್ಲಿ ತೂತು ಕೊರೆದು ತನ್ನೊಬ್ಬನ ಗದ್ದೆಗೆ ನೀರು ಹಾಯಿಸಿಕೊಳ್ಳುವವನನ್ನು ಏನೆಂದು ಕರೆಯಬೇಕೋ, ಸುಳ್ಳು ಪ್ರಾಣಸಂಕಟವನ್ನು ನಿಜವೆಂದು ತೋರಿಸಿ ಹಣ ಗಳಿಸುವವನನ್ನೂ ಹಾಗೆಯೇ ಕರೆಯಬೇಕು. ದೂರದರ್ಶನದ ತೆರೆಯ ಮೇಲೆ ನಡೆಯುವ ವೃತ್ತಿಪರ ಕುಸ್ತಿಯ ವ್ಯಾಪಾರಿಗಳು ಹಲವು ದಶಕಗಳಿಂದ ಮಾಡುತ್ತ ಬಂದಿರುವುದು ಇದನ್ನೇ.

ಈ ವ್ಯಾಪಾರ ಹುಟ್ಟಿದ್ದು ಅಮೆರಿಕದಲ್ಲಿಯಾದರೂ ಅದು ದೂರದ ಸಂಗತಿಯಲ್ಲ. 1990ರ ದಶಕದಲ್ಲಿ ಉಪಗ್ರಹ ವಾಹಿನಿಗಳು ಹಳ್ಳಿಗಳನ್ನು ಹೊಕ್ಕಾಗ ಅವುಗಳ ಜೊತೆಗೆ ಈ ಕುಸ್ತಿಯೂ ಬಂದಿತು. ಗರಡಿಮನೆಯ ಮಣ್ಣನ್ನು ಹಣೆಗೆ ಹಚ್ಚಿಕೊಳ್ಳುವ ಪರಂಪರೆಯ ನಾಡಿನಲ್ಲಿ, ಊರ ಪೈಲ್ವಾನರ ಹೆಸರು ಅರಿಯದ ಮಕ್ಕಳು ಪರದೇಶದ ಜಟ್ಟಿಗಳ ಎತ್ತರ ತೂಕಗಳನ್ನು ಚಿತ್ರದ ಕಾರ್ಡುಗಳಿಂದ ಬಾಯಿಪಾಠ ಮಾಡಿದರು. ಆದುದರಿಂದ ಆ ಕಣದಲ್ಲಿ ಏನು ಮಾರಾಟವಾಗುತ್ತಿದೆ ಎಂಬುದನ್ನು ಇಲ್ಲಿನ ತಂದೆತಾಯಿಗಳೂ ತಿಳಿಯಬೇಕಾಗಿದೆ.

1987ರ ಡಿಸೆಂಬರ್ 25ರಂದು ಡಲ್ಲಾಸ್ ನಗರದ ಕ್ರೀಡಾಂಗಣವೊಂದರಲ್ಲಿ ನಡೆದುದನ್ನು ನೋಡಬಹುದು. ಫ್ರಿಟ್ಜ್ ವಾನ್ ಎರಿಕ್ ಎಂಬ ಕಣದ ಹೆಸರಿನ ಜ್ಯಾಕ್ ಅಡ್ಕಿಸನ್ ಆ ಪ್ರಾಂತದ ಕುಸ್ತಿ ಸಂಸ್ಥೆಯ ಒಡೆಯ. ಅವನ ಮಕ್ಕಳೇ ಅದರ ನಾಯಕಮಣಿಗಳು. ಅವರಲ್ಲಿ ಡೇವಿಡ್ 1984ರಲ್ಲಿ ಜಪಾನಿನಲ್ಲಿ ತೀರಿಕೊಂಡಿದ್ದ. ಮೈಕ್ 1987ರ ಏಪ್ರಿಲ್‌ನಲ್ಲಿ ತನ್ನ ಜೀವವನ್ನು ತಾನೇ ತೆಗೆದುಕೊಂಡಿದ್ದ. ಆ ಸಾವುಗಳು ನಿಜ. ಅವುಗಳಿಗಾಗಿ ಜನ ಅತ್ತುದೂ ನಿಜ. ಅಂತಹ ವರ್ಷದ ಕೊನೆಯ ಹಬ್ಬದ ರಾತ್ರಿ ತಂದೆಯು ಎದುರಾಳಿಗಳ ಪೆಟ್ಟಿಗೆ ಸಿಕ್ಕಿ ಕುಸಿದುಬಿದ್ದಂತೆ ನಟಿಸಿದ. ಅವನ ಪ್ರಾಣಕ್ಕೇ ಕುತ್ತು ಬಂದಿದೆಯೆಂಬ ಭಾವನೆಯನ್ನು ನೋಡುಗರಲ್ಲಿ ಬಿತ್ತಲಾಯಿತು. ಮಕ್ಕಳ ಮರಣಕ್ಕೆ ಜನ ಸುರಿಸಿದ ಕಣ್ಣೀರಿನ ಹಸಿ ಆರುವ ಮುನ್ನವೇ ಅದೇ ಕಣ್ಣೀರನ್ನು ಎರಡನೆಯ ಬಾರಿ ಹಿಂಡುವ ಯತ್ನವಿದು. ಕುಸ್ತಿಯ ಅಭಿಮಾನಿಗಳೇ ಇದನ್ನು ಹೇಸಿದರು. ನಿಜವಾದ ಮೃತ್ಯು ಫ್ರಿಟ್ಜ್‌ನ ಬಳಿಗೆ ಬಂದದ್ದು ಹತ್ತು ವರ್ಷಗಳ ತರುವಾಯ, 1997ರಲ್ಲಿ, ಕ್ಯಾನ್ಸರಿನ ರೂಪದಲ್ಲಿ.

1995ರ ನವೆಂಬರ್ 20ರ ರಾತ್ರಿ ಇನ್ನೂ ಕುಶಲವಾದ ಆಟ ನಡೆಯಿತು. ಡಬ್ಲ್ಯು.ಡಬ್ಲ್ಯು.ಎಫ್. ಸಂಸ್ಥೆಯ ನೇರ ಪ್ರಸಾರದ ಸ್ಪರ್ಧೆಯಲ್ಲಿ ಶಾನ್ ಮೈಕೇಲ್ಸ್ ಮತ್ತು ಓವನ್ ಹಾರ್ಟ್ ಎದುರುಬದುರಾಗಿದ್ದರು. ಹಾರ್ಟ್‌ನ ಒದೆತವೊಂದು ಮೈಕೇಲ್ಸ್‌ನ ತಲೆಗೆ ತಾಗಿತು. ಕೆಲವು ಕ್ಷಣಗಳ ಬಳಿಕ ಆತ ತಲೆಯನ್ನು ಹಿಡಿದುಕೊಂಡು ಕುಸಿದ. ಮಾತಿನ ಅಬ್ಬರದಲ್ಲಿಯೇ ಬದುಕುವ ಆ ಕಾರ್ಯಕ್ರಮ ಒಮ್ಮೆಗೇ ಮೌನವಾಯಿತು. ವೀಕ್ಷಕ ವಿವರಣೆ ನೀಡುತ್ತಿದ್ದ ವಿನ್ಸ್ ಮ್ಯಾಕ್‌ಮಹನ್ ತನ್ನ ಪೀಠವನ್ನು ಬಿಟ್ಟು ಕಣದೊಳಕ್ಕೆ ಧಾವಿಸಿದ. ವೈದ್ಯ ಸಹಾಯಕರು ಬಂದರು. ಅದೇ ಆತಂಕದಲ್ಲಿ ಪ್ರಸಾರವು ಮುಗಿಯಿತು. ಅದೆಲ್ಲವೂ ಮೊದಲೇ ಹೆಣೆದ ಕಥೆ. ಆ ಕಥೆಗೆ ಬುನಾದಿಯಾಗಿ ಬಳಕೆಯಾದದ್ದು ಒಂದು ನಿಜ: ಹಿಂದಿನ ತಿಂಗಳು ಸಿರಾಕ್ಯೂಸ್ ನಗರದಲ್ಲಿ ಮೈಕೇಲ್ಸ್ ಮೇಲೆ ಹಲ್ಲೆಯಾಗಿ ಆತನ ತಲೆಗೆ ಪೆಟ್ಟಾಗಿತ್ತು. ಮಾರನೆಯ ಜನವರಿಯಲ್ಲಿ ಆತ ಮೂವತ್ತು ಜನರ ಸ್ಪರ್ಧೆಯಲ್ಲಿ ಗೆದ್ದ. ಮಾರ್ಚ್ ಕೊನೆಗೆ ಪಟ್ಟವನ್ನೇರಿದ. ನಿಜದ ಗಾಯಕ್ಕೆ ಸುಳ್ಳಿನ ಮೂರ್ಛೆಯನ್ನು ಹೊಲಿದು, ಆ ಮೂರ್ಛೆಯನ್ನು ಪಟ್ಟದ ಮೆಟ್ಟಿಲಾಗಿಸಿದ ಪರಿ ಇದು.

1998ರ ಡಿಸೆಂಬರಿನಲ್ಲಿ ಪ್ರತಿಸ್ಪರ್ಧಿ ಸಂಸ್ಥೆಯಾದ ಡಬ್ಲ್ಯು.ಸಿ.ಡಬ್ಲ್ಯು. ಹಿಂದುಳಿಯಲಿಲ್ಲ. 49 ವರ್ಷದ ರಿಕ್ ಫ್ಲೇರ್ ನೇರ ಪ್ರಸಾರದಲ್ಲಿ ಹೃದಯಾಘಾತವಾದಂತೆ ಬಿದ್ದ. ಆ ವಯಸ್ಸಿನ ಗಂಡಸರಿಗೆ ಹೃದಯಾಘಾತವು ಅಸಂಭವವಾದ ಸಂಗತಿಯಲ್ಲ. ಅಂತೆಯೇ ಅದು ನಂಬಲು ಯೋಗ್ಯವಾಗಿತ್ತು, ನಂಬಲು ಯೋಗ್ಯವಾದುದರಿಂದಲೇ ಮಾರಾಟಕ್ಕೆ ಯೋಗ್ಯವಾಗಿತ್ತು.

ಈ ವ್ಯಾಪಾರದ ಪರವಾಗಿ ಕೇಳಿಬರುವ ಮೊದಲನೆಯ ಸಮರ್ಥನೆ, ಇದೆಲ್ಲ ನಾಟಕವಲ್ಲವೇ ಎಂಬುದು. ನಾಟಕದಲ್ಲಿ ನಟನು ಸಾಯುವುದಿಲ್ಲವೇ, ಅದನ್ನು ಯಾರಾದರೂ ಮೋಸವೆನ್ನುವರೇ ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಗೆ ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ. ಹಾನಗಲ್ಲ ತಾಲೂಕಿನದೇ ಶೇಷಗಿರಿ ನಾಟಕಕ್ಕೆ ಹೆಸರಾದ ಗ್ರಾಮ. ಅಲ್ಲಿನ ರಂಗದ ಮೇಲೆ ಪಾತ್ರವೊಂದು ಪ್ರಾಣ ಬಿಟ್ಟಾಗ ಪ್ರೇಕ್ಷಕರ ಕಣ್ಣು ಒದ್ದೆಯಾಗುತ್ತದೆ. ಆದರೆ ಯಾರೂ ವೈದ್ಯನನ್ನು ಕರೆಯಲು ಓಡುವುದಿಲ್ಲ. ಏಕೆಂದರೆ ನಟನಿಗೂ ಪ್ರೇಕ್ಷಕನಿಗೂ ನಡುವೆ ಒಂದು ಒಪ್ಪಂದವಿದೆ. ಪರದೆ, ಬಣ್ಣ, ದೀಪ, ಪಾತ್ರದ ಹೆಸರು ಇವೆಲ್ಲವೂ ಆ ಒಪ್ಪಂದದ ಸಾಕ್ಷಿಗಳು. ಆಟ ಮುಗಿದ ಮೇಲೆ ಸತ್ತವನು ಎದ್ದು ಬಂದು ಕೈಮುಗಿಯುತ್ತಾನೆ. ರಂಗಭೂಮಿಯ ಸಾವು ಪ್ರೇಕ್ಷಕನ ಒಪ್ಪಿಗೆಯಿಂದ ನಡೆಯುವ ಸಾವು.

ಸುಳ್ಳು ಮೂರ್ಛೆಯ ಕಥೆಯು ಗೆಲ್ಲುವುದು ಈ ಒಪ್ಪಂದವನ್ನು ಮುರಿಯುವುದರಿಂದ. ಹೊಡೆದಾಟವು ಆಟವೆಂದು ವೀಕ್ಷಕನು ಬಲ್ಲ. ಆದುದರಿಂದಲೇ, ‘ಇಷ್ಟು ಹೊತ್ತಿನದು ಆಟ, ಇದು ಮಾತ್ರ ನಿಜ’ ಎಂದು ಅವನನ್ನು ನಂಬಿಸಬೇಕಾಗುತ್ತದೆ. ವಿವರಣೆಕಾರನ ದನಿ ತಗ್ಗುತ್ತದೆ, ಸಂಗೀತ ನಿಲ್ಲುತ್ತದೆ, ವೈದ್ಯ ಸಹಾಯಕರು ಮಂಚ ತರುತ್ತಾರೆ. ನಾಟಕದ ಹೊರಗಿನ ಲೋಕದ ಚಿಹ್ನೆಗಳನ್ನೆಲ್ಲ ಎರವಲು ತಂದು, ನಾಟಕ ನಿಂತಿತೆಂದು ಸಾರುವ ನಾಟಕವಿದು. ಇದನ್ನು ಕಲೆಯೆಂದು ಕರೆಯುವುದಾದರೆ ಖೋಟಾ ನೋಟು ಮುದ್ರಿಸುವುದನ್ನೂ ಚಿತ್ರಕಲೆಯೆಂದು ಕರೆಯಬೇಕಾದೀತು.

ಈ ವ್ಯಾಪಾರಿಗಳ ನಾಲಿಗೆ ಒಂದಲ್ಲ, ಎರಡು. 1989ರಲ್ಲಿ ಡಬ್ಲ್ಯು.ಡಬ್ಲ್ಯು.ಎಫ್. ಸಂಸ್ಥೆಯ ಪರವಾಗಿ ನ್ಯೂಜೆರ್ಸಿ ರಾಜ್ಯದ ಶಾಸನಸಭೆಯ ಮುಂದೆ ತಮ್ಮ ಕುಸ್ತಿಯು ನಿಜವಾದ ಸ್ಪರ್ಧೆಯಲ್ಲ, ಮನರಂಜನೆ ಮಾತ್ರ ಎಂದು ಒಪ್ಪಿಕೊಳ್ಳಲಾಯಿತು. ಕ್ರೀಡೆಗೆ ಅನ್ವಯಿಸುವ ಸರಕಾರಿ ನಿಯಂತ್ರಣದಿಂದ ಬಿಡುಗಡೆ ಪಡೆಯುವುದು ಅದರ ಉದ್ದೇಶ. ನಿಯಂತ್ರಣ ತಪ್ಪಿಸಿಕೊಳ್ಳಬೇಕಾದಾಗ ನಿಜ ನುಡಿದ ಬಾಯಿಯೇ ಆರು ವರ್ಷಗಳ ಬಳಿಕ ಮೈಕೇಲ್ಸ್ ಬಿದ್ದಾಗ ಬಾಲಕರ ಮುಂದೆ ಸುಳ್ಳು ನುಡಿಯಿತು. ಸತ್ಯವನ್ನು ಸರಕಾರದ ಕಚೇರಿಗೂ ಅಸತ್ಯವನ್ನು ಮಕ್ಕಳಿಗೂ ಹಂಚುವ ಈ ನೀತಿಯನ್ನು ವ್ಯವಹಾರಚಾತುರ್ಯವೆಂದು ಹೊಗಳುವವರು ಇದ್ದಾರೆ. ಶ್ರಾವಕನ ಅಂಗಡಿಯಲ್ಲಿ ಕೊಳ್ಳಲು ಒಂದು, ಮಾರಲು ಒಂದು ಎಂದು ಎರಡು ಬಗೆಯ ತಕ್ಕಡಿಬಟ್ಟುಗಳಿದ್ದರೆ ಅದನ್ನು ಅಚೌರ್ಯವ್ರತದ ಅತಿಚಾರವೆಂದು ಆಚಾರ್ಯರು ಎಣಿಸಿದ್ದಾರೆ. ಮಾತಿನ ತಕ್ಕಡಿಗೆ ಬೇರೆ ನ್ಯಾಯವುಂಟೇ?

ಇದರಿಂದ ಯಾರಿಗೇನು ಹಾನಿ ಎಂಬುದು ಎರಡನೆಯ ಸಮರ್ಥನೆ. ಬಿದ್ದವನು ಎದ್ದ, ನೋಡಿದವರು ನಿಟ್ಟುಸಿರಿಟ್ಟರು, ಅಲ್ಲಿಗೆ ಮುಗಿಯಿತಲ್ಲ ಎಂದು ಹೇಳುವುದುಂಟು. ಇದಕ್ಕೆ ಉತ್ತರವು 1999ರ ಮೇ 23ರ ರಾತ್ರಿ ಕ್ಯಾನ್ಸಸ್ ಸಿಟಿಯ ಕೆಂಪರ್ ಅರೀನಾದಲ್ಲಿ ದೊರೆಯಿತು. ಮೈಕೇಲ್ಸ್‌ನ ಸುಳ್ಳು ಮೂರ್ಛೆಗೆ ಕಾರಣನಾದ ಪಾತ್ರವನ್ನು ವಹಿಸಿದ್ದ ಅದೇ ಓವನ್ ಹಾರ್ಟ್, ಅಂದು ಛಾವಣಿಯಿಂದ ಹಗ್ಗದ ಮೂಲಕ ಕಣಕ್ಕೆ ಇಳಿಯಬೇಕಾಗಿತ್ತು. ಕಟ್ಟಿದ ಪಟ್ಟಿಯು ಬಿಚ್ಚಿಕೊಂಡಿತು. ಸುಮಾರು 78 ಅಡಿ ಎತ್ತರದಿಂದ ಆತ ಕಣದೊಳಗೆ ಬಿದ್ದ. ಆಗ ಆತನಿಗೆ 34 ವರ್ಷ. ಹೆಂಡತಿ, ಇಬ್ಬರು ಎಳೆಯ ಮಕ್ಕಳು ಮನೆಯಲ್ಲಿದ್ದರು.

ವಿವರಣೆಕಾರನಾದ ಜಿಮ್ ರಾಸ್ ಆ ರಾತ್ರಿ ಮಾಡಬೇಕಾಗಿ ಬಂದ ಕೆಲಸವನ್ನು ನೆನೆದರೆ ಎದೆ ಭಾರವಾಗುತ್ತದೆ. ಇದು ಕಾರ್ಯಕ್ರಮದ ಭಾಗವಲ್ಲ, ಕಥೆಯ ಅಂಶವಲ್ಲ ಎಂದು ಆತ ಮನೆಗಳಲ್ಲಿ ಕುಳಿತ ವೀಕ್ಷಕರಿಗೆ ಮತ್ತೆ ಮತ್ತೆ ಹೇಳಬೇಕಾಯಿತು. ಒಬ್ಬ ಮನುಷ್ಯನು ಕಣ್ಣೆದುರಿಗೆ ಸಾಯುತ್ತಿರುವಾಗ ಅದು ಸತ್ಯವೆಂದು ಪ್ರಮಾಣ ಮಾಡಬೇಕಾದ ದುರ್ಗತಿ ಬೇರಾವ ವೃತ್ತಿಗೆ ಬಂದಿದೆ? ಆದರೆ ಪ್ರಮಾಣಕ್ಕೆ ಬೇಕಾದ ಮಾತುಗಳೆಲ್ಲ ಅಷ್ಟರಲ್ಲಿ ವೆಚ್ಚವಾಗಿಹೋಗಿದ್ದವು. ತಗ್ಗಿದ ದನಿ, ಮೌನ, ವೈದ್ಯ ಸಹಾಯಕರ ಧಾವಂತ ಎಲ್ಲವನ್ನೂ ಹಿಂದೆಯೇ ಸುಳ್ಳಿಗೆ ಬಳಸಿಯಾಗಿತ್ತು. ಕ್ರೀಡಾಂಗಣದಲ್ಲಿದ್ದವರಿಗಂತೂ ಸಾವಿನ ಸುದ್ದಿಯನ್ನು ತಿಳಿಸಲೇ ಇಲ್ಲ. ಅದೇ ಕಣದಲ್ಲಿ ಉಳಿದ ಜೋಡಿಗಳ ಕಾದಾಟ ಮುಂದುವರಿಯಿತು. ಸುಳ್ಳು ಮೂರ್ಛೆಗೆ ಪ್ರಸಾರವನ್ನು ಮುಗಿಸಿದ ಸಂಸ್ಥೆಯು ನಿಜವಾದ ಮರಣಕ್ಕೆ ಪ್ರಸಾರವನ್ನು ನಿಲ್ಲಿಸಲಿಲ್ಲ. ಈ ಒಂದು ವಾಕ್ಯದಲ್ಲಿ ಆ ವ್ಯಾಪಾರದ ಆತ್ಮವೆಲ್ಲ ಅಡಗಿದೆ.

ಹಾನಿಯನ್ನು ನಿಮಿಷಗಳ ಲೆಕ್ಕದಲ್ಲಿಯೂ ಹೇಳಬಹುದು. ಹೃದಯ ಬಡಿತ ನಿಂತ ಮನುಷ್ಯನಿಗೆ ಆರೈಕೆ ದೊರೆಯದೆ ಕಳೆಯುವ ಪ್ರತಿಯೊಂದು ನಿಮಿಷಕ್ಕೂ ಬದುಕುಳಿಯುವ ಸಾಧ್ಯತೆಯು ಶೇಕಡಾ 7ರಿಂದ 10ರಷ್ಟು ಕುಗ್ಗುತ್ತದೆ ಎಂದು ವೈದ್ಯಶಾಸ್ತ್ರ ಹೇಳುತ್ತದೆ. ಕರ್ನಾಟಕದಲ್ಲಿ 2008ರ ನವೆಂಬರ್ 1ರಂದು ಆರಂಭವಾದ 108ರ ಆರೋಗ್ಯ ಕವಚ ವಾಹನವು ಎಷ್ಟು ಬೇಗ ಹೊರಟರೂ ಹಳ್ಳಿಯ ದಾರಿಯನ್ನು ಕ್ರಮಿಸಲು ಸಮಯ ಬೇಕು. ಅಷ್ಟರವರೆಗೆ ಬಿದ್ದವನ ಎದೆಯನ್ನು ಒತ್ತಬೇಕಾದವರು ಪಕ್ಕದಲ್ಲಿ ನಿಂತವರೇ. ‘ನಾಟಕವಾಡುತ್ತಿದ್ದಾನೆಯೇ?’ ಎಂಬ ಸಂದೇಹವೊಂದು ಅವರ ಕೈಯನ್ನು ಒಂದು ನಿಮಿಷ ತಡೆದರೂ ಸಾಕು. ಬಿದ್ದವರನ್ನು ಕಂಡು ನಗುವ ಅಭ್ಯಾಸವನ್ನು ಬಾಲ್ಯದಲ್ಲಿಯೇ ಕಲಿಸುವ ಕಾರ್ಯಕ್ರಮಕ್ಕೆ ಈ ಒಂದು ನಿಮಿಷದ ಹೊಣೆ ಇಲ್ಲವೆನ್ನಲಾದೀತೇ?

ಈ ಪಾಠದಿಂದಲೂ ವ್ಯಾಪಾರಿಗಳು ಬುದ್ಧಿ ಕಲಿಯಲಿಲ್ಲ. 2012ರ ಸೆಪ್ಟೆಂಬರ್ 10ರಂದು ಮಾಂಟ್ರಿಯಲ್ ನಗರದ ಪ್ರಸಾರದ ನಡುವೆ ವಿವರಣೆಕಾರ ಜೆರ್ರಿ ಲಾಲರ್‌ಗೆ ಪೀಠದಲ್ಲಿಯೇ ನಿಜವಾಗಿ ಹೃದಯಾಘಾತವಾಯಿತು. ವೈದ್ಯರ ಯತ್ನದಿಂದ ಜೀವ ಉಳಿಯಿತು. ಎರಡು ತಿಂಗಳ ಬಳಿಕ ಆತ ಹಿಂದಿರುಗಿದ ದಿನವೇ ಪಾಲ್ ಹೇಮನ್ ಎಂಬ ಪಾತ್ರಧಾರಿಯು ಅದೇ ಕಣದಲ್ಲಿ ಹೃದಯಾಘಾತವಾದಂತೆ ಬಿದ್ದು ಅಣಕವಾಡಿದ. ಸಂಕಟ ಪಟ್ಟವನೇ ಇಂತಹ ಆಟಕ್ಕೆ ಸಮ್ಮತಿಸಿದರೆ ಉಳಿದವರ ಆಕ್ಷೇಪವೇನು ಎಂದು ಕೇಳಬಹುದು. ಸಮ್ಮತಿಯಿಂದ ಆ ಒಬ್ಬನ ಮಾನಕ್ಕಾದ ಹಾನಿ ತುಂಬೀತು. ಆದರೆ ಹೃದಯಾಘಾತವೆಂಬುದು ಅವನೊಬ್ಬನ ಸೊತ್ತಲ್ಲ. ಆ ರಾತ್ರಿ ತೆರೆಯ ಮುಂದೆ ಕುಳಿತವರಲ್ಲಿ ತಂದೆಯನ್ನು ಅದೇ ವ್ಯಾಧಿಗೆ ಕಳೆದುಕೊಂಡವರ ಸಮ್ಮತಿಯನ್ನು ಯಾರು ಕೇಳಿದ್ದರು?

ಭಾರತದಲ್ಲಿಯೂ ಈ ಸೋಂಕು ಕಾಣಿಸಿಕೊಂಡಿದೆ. ದಿ ಗ್ರೇಟ್ ಖಲಿ ಎಂದು ಹೆಸರಾದ ದಲೀಪ್ ಸಿಂಗ್ ರಾಣಾ 2016ರ ಫೆಬ್ರವರಿ 24ರಂದು ಉತ್ತರಾಖಂಡದ ಹಲ್ದ್ವಾನಿಯ ಪ್ರದರ್ಶನದಲ್ಲಿ ವಿದೇಶಿ ಜಟ್ಟಿಗಳ ಏಟಿಗೆ ಸಿಕ್ಕು ಆಸ್ಪತ್ರೆಯ ತೀವ್ರ ನಿಗಾ ಘಟಕ ಸೇರಿದ ಸುದ್ದಿಯನ್ನು ರಾಷ್ಟ್ರದ ಪತ್ರಿಕೆಗಳೂ ವಾಹಿನಿಗಳೂ ಅಪಘಾತದ ಗಾಂಭೀರ್ಯದಿಂದ ಬಿತ್ತರಿಸಿದವು. ಸೇಡಿನ ಘೋಷಣೆ ಹೊರಟಿತು. ನಾಲ್ಕೇ ದಿನಗಳಲ್ಲಿ, ಫೆಬ್ರವರಿ 28ರಂದು, ಡೆಹ್ರಾಡೂನಿನಲ್ಲಿ ಆತ ಕಣಕ್ಕಿಳಿದು ಗೆದ್ದ. ಗಾಯದ ಆಳವನ್ನು ಅಳೆಯುವುದು ಇಲ್ಲಿನ ಪ್ರಶ್ನೆಯಲ್ಲ. ಗಾಯ ಎಷ್ಟೇ ಇರಲಿ, ಆಸ್ಪತ್ರೆಯ ಹಾಸಿಗೆಯು ಮುಂದಿನ ಪ್ರದರ್ಶನದ ಜಾಹೀರಾತಾಯಿತು. ಪತ್ರಿಕೆಗಳು ಆ ಜಾಹೀರಾತನ್ನು ಸುದ್ದಿಯ ಜಾಗದಲ್ಲಿ ಬಿಟ್ಟಿಯಾಗಿ ಅಚ್ಚುಹಾಕಿದವು.

ಜೈನ ಆಚಾರಶಾಸ್ತ್ರವು ಇಂತಹ ಸಂಗತಿಯನ್ನು ಹೇಗೆ ಕಾಣುತ್ತದೆ? ಅಸತ್ಯದ ಮೂಲವನ್ನು ಅದು ಪ್ರಮಾದದಲ್ಲಿ, ಅಂದರೆ ಕಷಾಯದಿಂದ ಕೂಡಿದ ಎಚ್ಚರಗೇಡಿತನದಲ್ಲಿ ಗುರುತಿಸುತ್ತದೆ. ಲೋಭಕ್ಕಾಗಿ ಹೆಣೆದ ಮಾಯೆಯು ಬಾಯಿಂದ ಹೊರಟರೂ ದೇಹದಿಂದ ಹೊರಟರೂ ಅಸತ್ಯವೇ. ನೆಲಕ್ಕೆ ಬೀಳುವ ಮೈಯೂ ಸುಳ್ಳಾಡಬಲ್ಲುದು. ನೋಡುವವನಿಗೂ ವಿನಾಯಿತಿಯಿಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಬಗೆಗಳನ್ನು ಹೇಳುವಾಗ ದುಃಶ್ರುತಿಯನ್ನೂ ಸೇರಿಸಿದ್ದಾರೆ. ಮನಸ್ಸನ್ನು ಕಲುಷಿತಗೊಳಿಸುವ ಕಥನಗಳಿಗೆ ಕಿವಿಗೊಡುವುದೇ ದುಃಶ್ರುತಿ. ಯಾವ ಪ್ರಯೋಜನವೂ ಇಲ್ಲದೆ ಪಾಪವನ್ನು ಗಂಟುಕಟ್ಟಿಕೊಳ್ಳುವ ಮಾರ್ಗವದು. ಕೃತ, ಕಾರಿತ, ಅನುಮೋದನ ಎಂಬ ಮೂರರಲ್ಲಿ ಮೊದಲೆರಡು ಕಣದವರ ಪಾಲಿಗಿದ್ದರೆ ಮೂರನೆಯದು ಚಪ್ಪಾಳೆ ತಟ್ಟುವವರ ಪಾಲಿಗಿದೆ.

ಇನ್ನೊಂದು ಮಾತನ್ನೂ ಇಲ್ಲಿ ನೆನೆಯಬೇಕು. ಆಗಮದ ಪರಿಭಾಷೆಯಲ್ಲಿ ಮೂರ್ಛೆ ಎಂದರೆ ಪರಿಗ್ರಹ. ನನ್ನದು, ನನಗೆ ಬೇಕು ಎಂಬ ಆಸಕ್ತಿಯಲ್ಲಿ ಎಚ್ಚರ ತಪ್ಪಿದ ಸ್ಥಿತಿ. ಕಣದಲ್ಲಿ ಬಿದ್ದವನ ಮೂರ್ಛೆ ಸುಳ್ಳು. ತೆರೆಯ ಹಿಂದೆ ನಿಂತು ಗಲ್ಲಾ ಎಣಿಸುವವನ ಮೂರ್ಛೆ ಮಾತ್ರ ಪೂರ್ತಿ ನಿಜ. ಚಿಕಿತ್ಸೆ ಬೇಕಾದದ್ದು ಅವನಿಗೆ.

ಅಕ್ಕಿಆಲೂರಿನ ಜಿಲ್ಲೆಯಲ್ಲಿಯೇ ಬಂಕಾಪುರವಿದೆ. ಗಂಗರ ಅರಸ ಮಾರಸಿಂಹನು ಕ್ರಿ.ಶ. 974ರ ಸುಮಾರಿಗೆ ರಾಜ್ಯವನ್ನು ತೊರೆದು, ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಸಲ್ಲೇಖನದಿಂದ ದೇಹವನ್ನು ಬಿಟ್ಟ ಪುಣ್ಯಭೂಮಿ ಅದು. ಅನೇಕ ಯುದ್ಧಗಳನ್ನು ಗೆದ್ದ ಆ ವೀರನು ಮರಣವನ್ನು ಎದುರುಗೊಂಡದ್ದು ಪೂರ್ಣ ಎಚ್ಚರದಲ್ಲಿ, ಆಡಂಬರವಿಲ್ಲದೆ. ಮರಣವನ್ನು ಅಷ್ಟು ಗಂಭೀರವಾಗಿ ಕಂಡ ಮಣ್ಣಿನಲ್ಲಿ ಅದರ ಅಗ್ಗದ ಅನುಕರಣೆಯು ಮಕ್ಕಳ ಸಂಜೆಯ ವಿನೋದವಾಗುವುದು ವಿಷಾದದ ಸಂಗತಿ.

ಕುಸ್ತಿಯನ್ನೇ ದ್ವೇಷಿಸಬೇಕೆಂದು ಇದರ ಅರ್ಥವಲ್ಲ. ಮೈಸೂರಿನ ಜಟ್ಟಿಗಳು ದಸರೆಯಲ್ಲಿ ಆಡುವ ವಜ್ರಮುಷ್ಟಿ ಕಾಳಗವನ್ನು ಅಹಿಂಸಾವ್ರತಿಗಳು ಪೂರ್ಣವಾಗಿ ಒಪ್ಪಲಾರರು. ಆದರೂ ಅಲ್ಲಿ ಒಂದು ಮರ್ಯಾದೆಯಿದೆ: ತಲೆಯಲ್ಲಿ ಮೊದಲ ರಕ್ತದ ಹನಿ ಕಂಡೊಡನೆ ಕಾಳಗ ನಿಲ್ಲುತ್ತದೆ. ಹಳ್ಳಿಯ ಜಾತ್ರೆಯ ಮಣ್ಣಿನ ಕಣದಲ್ಲಿಯೂ ಒಳ ಒಪ್ಪಂದದ ಜೋಡಿಗಳು ಇಲ್ಲದಿಲ್ಲ. ಜನ ಅದನ್ನು ಗುರುತಿಸಿ ಛೀ ಎಂದದ್ದೂ ಉಂಟು. ಆದರೆ ಪೈಲ್ವಾನನೊಬ್ಬ ಎದೆ ಹಿಡಿದುಕೊಂಡು ಬಿದ್ದರೆ ಅಲ್ಲಿ ಮೊದಲು ಓಡಿಬರುವವನು ಅವನ ಎದುರಾಳಿಯೇ. ಕಣದ ವೈರಕ್ಕೆ ಗಡಿಯಿದೆ, ಆ ಗಡಿಯಾಚೆ ಜೀವದಯೆ ಇದೆ ಎಂಬುದು ಗರಡಿಯ ಮೊದಲ ಪಾಠ.

ಹಾಗಾದರೆ ಮಾಡಬೇಕಾದುದೇನು? ಹೊಡೆದಾಟವನ್ನು ಆಟವೆಂದು ಮಾರುವವರು ಮಾರಲಿ. ಆದರೆ ನಿಜವಾದ ಸಂಕಟವನ್ನು ಸಾರುವ ಚಿಹ್ನೆಗಳನ್ನು ಅವರು ಮುಟ್ಟಬಾರದು. ಪ್ರಸಾರ ಮಾಡುವ ವಾಹಿನಿಗಳು ಇದನ್ನು ಕರಾರಿನಲ್ಲಿಯೇ ಬರೆಸಿಕೊಳ್ಳಬೇಕು. ಪತ್ರಿಕೆಗಳು ಕಣದ ಗಾಯವನ್ನು ಸುದ್ದಿಯಾಗಿಸುವ ಮುನ್ನ ವೈದ್ಯರನ್ನು ಕೇಳಬೇಕು. ತಂದೆತಾಯಿಗಳು ಮಕ್ಕಳ ಪಕ್ಕದಲ್ಲಿ ಕುಳಿತು ಯಾವುದು ಆಟ, ಯಾವುದು ಮೋಸ ಎಂದು ಬಿಡಿಸಿ ಹೇಳಬೇಕು. ಶಾಲೆಗಳಲ್ಲಿ, ಗರಡಿಗಳಲ್ಲಿ, ಬಸದಿಯ ಸಭಾಮಂಟಪಗಳಲ್ಲಿ ಬಿದ್ದವನ ಎದೆಯೊತ್ತಿ ಜೀವ ಉಳಿಸುವ ಕ್ರಮವನ್ನು ಕಲಿಸಿದರೆ ಸುಳ್ಳು ಕಲಿಸಿದ ನಗುವಿಗೆ ಅದಕ್ಕಿಂತ ಒಳ್ಳೆಯ ಪ್ರಾಯಶ್ಚಿತ್ತವಿಲ್ಲ.

ಅಕ್ಕಿಆಲೂರಿನ ತರುಣನೊಬ್ಬನಿಗೆ ನಾಳೆ ನಡುರಾತ್ರಿಯಲ್ಲಿ ಕರೆ ಬರಬಹುದು. ಅತ್ತ ಕಡೆಯ ದನಿ ನಡುಗುತ್ತಿರುತ್ತದೆ. ಆ ದನಿಯನ್ನು ಅವನು ನಂಬಬೇಕು. ಒಂದು ಕ್ಷಣವೂ ತಡಮಾಡದೆ ನಂಬಬೇಕು. ಅವನ ಆ ನಂಬಿಕೆಗೆ ಬೆಲೆ ಕಟ್ಟುವ ಹಕ್ಕು ಯಾವ ವಾಹಿನಿಗೂ ಇಲ್ಲ, ಯಾವ ಜಟ್ಟಿಗೂ ಇಲ್ಲ.